ಬಲಗೈ ನಿಯಮ

ತಪ್ಪು ತನ್ನದೇ ಇರಬೇಕು ಎಂಬ ತೀರ್ಮಾನಕ್ಕೆ ಅವಳು ಬೆಳಿಗ್ಗೆ ಹಲ್ಲುಜ್ಜುವಾಗಲೇ ಬಂದಾಗಿತ್ತು. ಯಾವ ತಪ್ಪು ಎಂಬುದಷ್ಟೇ ಗೊತ್ತಾಗಬೇಕಿತ್ತು. ಮೊದಲು ಶಿಕ್ಷೆ ಒಪ್ಪಿಕೊಂಡು ಆಮೇಲೆ ಅಪರಾಧ ಹುಡುಕಿಕೊಳ್ಳುವುದು ಅವಳಿಗೆ ಹೊಸದೇನಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಯಾರಿಗೋ ‘ಏಯ್’ ಎಂದರೆ ತನ್ನ ಕಾಲನ್ನು ಒಳಕ್ಕೆಳೆದುಕೊಳ್ಳುವವಳು, ಅಂಗಡಿಯ ಬಾಗಿಲಲ್ಲಿ ಕಳ್ಳಗಂಟೆ ಹೊಡೆದುಕೊಂಡರೆ ತನ್ನ ಚೀಲವನ್ನೇ ತಡಕಿ ನೋಡುವವಳು. ಕನ್ನಡಿಯಲ್ಲಿ ಬ್ರಶ್ಶು ಹಿಡಿದ ಅವಳ ಎಡಗೈ ಬಲಗೈಯಂತೆ ಕಾಣುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಮ್ಮನ ಉಸಿರಾಟದ ಯಂತ್ರ ಕುಂಯ್ ಎಂದು ಒಂದೇ ಶ್ರುತಿಯಲ್ಲಿ ಅಳುತ್ತಿತ್ತು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಒಂದು ಬಿಳಿ ಪೆಟ್ಟಿಗೆ, ಅದರಿಂದ ಅಮ್ಮನ ಮೂಗಿನವರೆಗೆ ಒಂದು ಕೊಳವೆ, ಪೆಟ್ಟಿಗೆಯೊಳಗೆ ಡಬ್ಬಿಯ ಮುಚ್ಚಳದಷ್ಟು ಅಗಲದ ಒಂದು ಚಕ್ರ ಹುಚ್ಚು ಹಿಡಿದಂತೆ ಸುತ್ತುತ್ತಾ ಗಾಳಿ ತಳ್ಳುತ್ತದೆ. ಸೋತ ಶ್ವಾಸಕೋಶಕ್ಕೆ ಅಷ್ಟು ನೂಕು ಬೇಕೇ ಬೇಕು. ಪೆಟ್ಟಿಗೆ ಅವಳ ಕಂಪನಿಯದೇ. ಅಳುವೂ ಅವಳ ಕಂಪನಿಯದೇ. ಅಮ್ಮ ಕಾಫಿ ಕುಡಿಯಲು ಮುಖವಾಡ ಸರಿಸಿ, ನಿಮ್ಮವರು ಇದರೊಳಗೆ ಒಂದು ಸೊಳ್ಳೆ ಸಂಸಾರವನ್ನೇ ಕೂರಿಸಿದ್ದಾರೆ ಕಣೆ ಎಂದು ದಿನದ ದೂರನ್ನು ಸಲ್ಲಿಸಿದಳು. ಆಮೇಲೆ, ನಿನ್ನ ಹೊಸ ಚಕ್ರ ಏನಾಯ್ತು, ನಿನ್ನೆ ಪರೀಕ್ಷೆ ಅಂದಿದ್ದೆಯಲ್ಲ ಎಂದು ಕೇಳಿದಳು. ಇನ್ನೂ ನೋಡುತ್ತಿದ್ದಾರೆ ಎಂದು ಸುಳ್ಳು ಹೇಳಿ ಇವಳು ಎಡಗೈಯಿಂದ ಕಾಫಿ ಕದಡಿದಳು. ಅಮ್ಮನ ಕಣ್ಣು ಆ ಕೈಯ ಮೇಲೆ ಒಂದು ಕ್ಷಣ ಕೂತು ಎದ್ದಿತು. ಇಷ್ಟು ವರ್ಷವಾದರೂ ಆ ನೋಟ ಅಲ್ಲಿಗೇ ಬರುತ್ತದೆ. ಒಂದು ಕಾಲಕ್ಕೆ ನೋಟದ ಹಿಂದೆಯೇ ಏಟೂ ಬರುತ್ತಿತ್ತು, ಈಗ ನೋಟವೊಂದೇ.

ನಿನ್ನೆ ಪರೀಕ್ಷೆಯಲ್ಲಿ ಹೊಸ ಚಕ್ರ ಹಳೆಯದಕ್ಕಿಂತ ಜೋರಾಗಿ ಅತ್ತಿತ್ತು. ಅದನ್ನು ಅಮ್ಮನಿಗೆ ಹೇಳುವುದಾದರೂ ಹೇಗೆ? ಒಂದು ವರ್ಷ ಅವಳು ಕಂಪ್ಯೂಟರಿನಲ್ಲಿ ಆ ಚಕ್ರವನ್ನು ಬಗ್ಗಿಸಿದ್ದಳು, ತಿದ್ದಿದ್ದಳು, ಮಗುವಿನ ಕೂದಲು ಬಾಚಿದಂತೆ ಅದರ ರೆಕ್ಕೆಗಳನ್ನು ಒಂದೊಂದಾಗಿ ಹಿಂದಕ್ಕೆ ಬಾಗಿಸಿದ್ದಳು. ಹಳೆಯ ಚಕ್ರದ ರೆಕ್ಕೆಗಳು ನೆಟ್ಟಗೆ ನಿಂತ ಪೊಲೀಸರಂತೆ ಇದ್ದವು, ಗಾಳಿಗೆ ಹೊಡೆದೇ ಕೆಲಸ ಮಾಡಿಸುತ್ತಿದ್ದವು. ತನ್ನದು ಗಾಳಿಯನ್ನು ಹೊಡೆಯುವುದಿಲ್ಲ, ಜಾರಿಸುತ್ತದೆ ಎಂದು ಅವಳು ಮೀಟಿಂಗಿನಲ್ಲಿ ಹೇಳಿದ್ದಳು. ಒತ್ತಡ ಹೆಚ್ಚು, ಸದ್ದು ಕಡಿಮೆ ಎಂದಿದ್ದಳು. ನಿನ್ನೆ ಪರೀಕ್ಷೆಯ ಬೆಂಚಿನ ಮೇಲಿಟ್ಟು ತಿರುಗಿಸಿದಾಗ ಒತ್ತಡ ಅವಳು ಹೇಳಿದ್ದರ ಅರ್ಧಕ್ಕೆ ಸ್ವಲ್ಪ ಮೇಲೆ ಬಂದು ಸುಸ್ತಾಗಿ ನಿಂತಿತು, ಸದ್ದು ಮಾತ್ರ ಗೋಡೆಯ ಗಾಜನ್ನು ನಡುಗಿಸಿತು. ವಿಭಾಗದ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. ಎಲ್ಲ ಮಾತನ್ನೂ ‘ಸಂಕ್ಷಿಪ್ತವಾಗಿ ಹೇಳೋದಾದ್ರೆ’ ಎಂದೇ ಶುರುಮಾಡುವ ಅವರಿಗೆ ಆಫೀಸು ‘ಸಂಕ್ಷಿಪ್ತರು’ ಎಂದೇ ಹೆಸರಿಟ್ಟಿತ್ತು. “ಸಂಕ್ಷಿಪ್ತವಾಗಿ ಹೇಳೋದಾದ್ರೆ, ಚಿತ್ರ ಚೆನ್ನಾಗಿದೆ, ಗಾಳಿ ಇಲ್ಲ,” ಎಂದರು. ನಾಳೆ ಮಧ್ಯಾಹ್ನ ಮೂರಕ್ಕೆ ಕೂತು ತೀರ್ಮಾನಿಸೋಣ ಎಂದೂ ಹೇಳಿದರು. ತೀರ್ಮಾನ ಏನೆಂದು ಎಲ್ಲರಿಗೂ ಗೊತ್ತಿತ್ತು: ಹೊಸ ಯಂತ್ರಕ್ಕೂ ಹಳೆಯ ಚಕ್ರವೇ, ಗಾಳಿಯ ಲೆಕ್ಕದ ಕೆಲಸ ಇನ್ನು ಮುಂದೆ ಹೊರಗಿನ ಕಂಪನಿಗೆ, ಅವಳು ಕೈಪಿಡಿ ಬರೆಯುವ ಕೋಣೆಗೆ. ಅಲ್ಲಿ ಕಿಟಕಿ ಇದೆ, ಗಿಡಗಳಿವೆ, ಒಳ್ಳೆಯ ಜನ ಇದ್ದಾರೆ, ಅವರನ್ನು ಯಾರೂ ಯಾವತ್ತೂ ಏನನ್ನೂ ಕೇಳುವುದಿಲ್ಲ.

ತನ್ನ ಕುರ್ಚಿಯಲ್ಲಿ ಕೂತು ಅವಳು ಫೈಲು ತೆರೆದಳು. ಪರದೆಯ ಮೇಲೆ ಗಾಳಿಯ ದಾರಿ ಪೂರ್ತಿ ಸಣ್ಣ ಕಣ್ಣಿನ ಜಾಲರಿಯಾಗಿ ಹರಡಿಕೊಂಡಿತು. ಗಾಳಿಯನ್ನು ಇಡಿಯಾಗಿ ಲೆಕ್ಕ ಹಾಕಲು ಯಾರ ಅಪ್ಪನಿಂದಲೂ ಆಗದು; ಅದಕ್ಕೇ ಅದನ್ನು ಲಕ್ಷಾಂತರ ಕಣ್ಣುಗಳಾಗಿ ಕತ್ತರಿಸಿ, ಒಂದೊಂದು ಕಣ್ಣಲ್ಲೂ ಎಷ್ಟು ಬಂತು ಎಷ್ಟು ಹೋಯಿತು ಎಂದು ಕೇಳುವುದು. ಚಕ್ರ ತಿರುಗುವಾಗ ಅದರ ಸುತ್ತಲಿನ ಜಾಲರಿಯೂ ಜೊತೆಗೇ ತಿರುಗಬೇಕು, ಆಚೆಯದು ಅಲ್ಲಾಡದೆ ನಿಂತಿರಬೇಕು. ಹಾಗಾಗಿ ಚಕ್ರದ ಸುತ್ತ ಒಂದು ದುಂಡನೆಯ ತಿರುಗುವ ವಲಯ, ಅದರಾಚೆ ನಿಂತ ವಲಯ, ನಡುವೆ ಕಣ್ಣಿಗೆ ಕಾಣದ ಒಂದು ಗಡಿ. ಗಾಳಿ ಆ ಗಡಿಯನ್ನು ಯಾರನ್ನೂ ಕೇಳದೆ ದಾಟಬೇಕು. ಒಳಗಿನ ಕಣ್ಣು ಈ ಗಳಿಗೆ ಹೊರಗಿನ ಒಂದು ಕಣ್ಣಿಗೆ ಎದುರಾಗಿದ್ದರೆ ಮುಂದಿನ ಗಳಿಗೆ ಅದರ ಪಕ್ಕದ್ದಕ್ಕೆ ಎದುರಾಗಿರುತ್ತದೆ. ಪ್ರತಿ ಹೆಜ್ಜೆಗೂ ಹೊಸ ನೆರೆಹೊರೆ, ಹೊಸ ಪರಿಚಯ, ಕೊಡುಕೊಳ್ಳುವಿಕೆ ಮಾತ್ರ ತಪ್ಪಬಾರದು. ಅವಳಿಗೆ ಈ ಕೆಲಸದಲ್ಲಿ ಬಹಳ ಇಷ್ಟವಾದದ್ದು, ಗಾಳಿಯನ್ನು ಬಿಡುವ ಮೊದಲು ಬರೀ ಜಾಲರಿಯನ್ನು ತಿರುಗಿಸಿ ನೋಡುವುದು. ಏನೂ ಹರಿಯುವುದಿಲ್ಲ, ಒತ್ತಡವಿಲ್ಲ, ಬಣ್ಣವಿಲ್ಲ. ಖಾಲಿ ಜಾಲರಿಯೊಂದು ಇನ್ನೊಂದರ ಒಳಗೆ ಸದ್ದಿಲ್ಲದೆ ಜಾರುತ್ತದೆ. ಅದನ್ನು ನೋಡುವಾಗ ಅವಳಿಗೆ ತಾನು ಇಲ್ಲಿ ಇರುವುದು ಸರಿ ಎನಿಸುತ್ತಿತ್ತು, ಹಾಗೆನಿಸುವ ಜಾಗ ಬೇರೆ ಹೆಚ್ಚು ಇರಲಿಲ್ಲ.

ಆದರೆ ಇದೇ ಜಾಗದಲ್ಲೇ ಅಲ್ಲವೇ ಅವಳ ಮಾನ ಹೋದದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಹೊರಗಿನಿಂದ ಬಂದ ಗಣ್ಯರ ಮುಂದೆ ಬಣ್ಣಬಣ್ಣದ ಚಿತ್ರ ತೋರಿಸುತ್ತಾ ಒತ್ತಡ ಎಷ್ಟು ಚೆನ್ನಾಗಿ ಬಂದಿದೆ ನೋಡಿ ಎಂದು ಬೀಗುತ್ತಿದ್ದಾಗ, ಅವರಲ್ಲೊಬ್ಬರು ಕನ್ನಡಕ ಏರಿಸಿ, ಈ ಗೋಡೆ ಯಾಕೆ ತಿರುಗ್ತಿದೆ ಎಂದು ಕೇಳಿದ್ದರು. ತಿರುಗುವ ವಲಯದೊಳಗೆ ಸಿಕ್ಕಿದ್ದೆಲ್ಲ, ಬೇಡ ಎಂದು ಹೇಳದಿದ್ದರೆ, ವಲಯದ ಜೊತೆಗೇ ತಿರುಗುತ್ತದೆ. ಹೊರಕವಚದ ಒಂದು ತುಂಡು ಒಳಗಿತ್ತು. ನೀನು ನಿಂತಿರು ಎಂದು ಅದಕ್ಕೆ ಹೇಳುವುದನ್ನು ಅವಳು ಮರೆತಿದ್ದಳು. ಚಕ್ರದ ಜೊತೆ ಪೆಟ್ಟಿಗೆಯೂ ಗಿರಗಿರನೆ ಸುತ್ತುತ್ತಾ ಒತ್ತಡ ಕೊಡುತ್ತಿತ್ತು. ಕೋಣೆ ನಕ್ಕಿತು. ಅವತ್ತಿನಿಂದ ಅವಳು ‘ತಿರುಗೋ ಗೋಡೆ’. ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದರೆ, ಗೋಡೆಗೆ ಒರಗಬೇಡ್ರಪ್ಪ, ತಿರುಗಿದರೆ ಕಷ್ಟ ಎನ್ನುವವರು ಇನ್ನೂ ಇದ್ದಾರೆ. ನಗದೇ ಇದ್ದವರು ಒಬ್ಬರೇ, ಪರೀಕ್ಷೆಯ ಬೆಂಚು ನೋಡಿಕೊಳ್ಳುವ ಹಿರಿಯ ಎಂಜಿನಿಯರು. ಇಡೀ ಆಫೀಸು ಅವರನ್ನು ‘ಮಾವ’ ಎನ್ನುತ್ತದೆ, ಸಂಕ್ಷಿಪ್ತರೂ ಮರೆತು ಒಮ್ಮೊಮ್ಮೆ ಹಾಗೇ ಕರೆಯುತ್ತಾರೆ. ಮೀಟಿಂಗಿನಿಂದ ಹೊರಬಂದು ನೀರಿನ ಯಂತ್ರದ ಮುಂದೆ ಲೋಟ ತುಂಬಿ ಚೆಲ್ಲುತ್ತಿದ್ದರೂ ಗೊತ್ತಾಗದೆ ನಿಂತಿದ್ದ ಅವಳ ಕೈಯಿಂದ ಲೋಟ ತೆಗೆದುಕೊಂಡು, ನನ್ನ ಬೆಂಚು ಒಂದ್ಸಲ ಬೆಂಕಿ ಹತ್ತಿ ಉರಿದಿತ್ತು ತಾಯಿ, ಗೋಡೆ ತಿರುಗಿದ್ದು ಏನು ಮಹಾ ಎಂದಿದ್ದರು. ಆ ಮಾವನ ಬೆಂಚೇ ನಿನ್ನೆ ಅವಳ ಚಕ್ರವನ್ನು ಕೊಂದಿತ್ತು. ಮಾವನ ಬೆಂಚು ತಪ್ಪು ಹೇಳಿದ್ದು ಯಾರ ನೆನಪಿನಲ್ಲೂ ಇಲ್ಲ.

ಕವಚದ ಗೋಡೆ ನಿಂತೇ ಇತ್ತು. ಅದನ್ನು ಅವಳು ಮೊದಲು ನೋಡಿದಳು, ಮತ್ತೆ ನೋಡಿದಳು, ಕಾಫಿ ತಂದು ಮತ್ತೊಮ್ಮೆ ನೋಡಿದಳು. ಗಡಿಯ ಎರಡು ಮೈಗಳನ್ನು ಒಂದಕ್ಕೊಂದು ಜೋಡಿಸಿದ್ದು ಸರಿ ಇತ್ತು. ಅಕ್ಷ ಚಕ್ರದ ನಟ್ಟನಡುವೆಯೇ ಹಾದುಹೋಗಿತ್ತು. ಒಂದೊಂದು ಹೆಜ್ಜೆಗೆ ಚಕ್ರ ಎಷ್ಟು ತಿರುಗಬೇಕೋ ಅಷ್ಟೇ ತಿರುಗುತ್ತಿತ್ತು, ಎಲ್ಲೂ ನೆಗೆಯುತ್ತಿರಲಿಲ್ಲ. ಎಲ್ಲ ಸರಿ ಇದೆ ಎಂದು ಗೊತ್ತಾದಷ್ಟೂ ಅವಳ ಅಪರಾಧದ ಭಾವ ಹೆಚ್ಚಿತು. ತಪ್ಪು ಸಿಗದಷ್ಟು ಆಳದಲ್ಲಿದೆ ಎಂದರೆ ಅದೆಷ್ಟು ದೊಡ್ಡದಿರಬೇಡ. ಹಿಂದೆ ಬೂಟಿನ ಸದ್ದಾಯಿತು. ಸಂಕ್ಷಿಪ್ತರ ಬೂಟು. ಅವಳ ಕೈ ತಾನಾಗಿ ಮೌಸನ್ನು ಕೀಬೋರ್ಡಿನ ಎಡಗಡೆಯಿಂದ ಬಲಗಡೆಗೆ ದಾಟಿಸಿತು. ಅವರು ಬಂದಾಗಲೆಲ್ಲ ಹೀಗೇ ಆಗುತ್ತದೆ, ಯಾರೂ ಹೀಗೆ ಮಾಡು ಎಂದು ಹೇಳಿಲ್ಲ. ಬಲಗೈಯಲ್ಲಿ ಬಾಣದ ಗುರುತು ಕುಡಿದವನ ಹಾಗೆ ಪರದೆಯ ತುಂಬ ಓಲಾಡಿತು. ಅವರು ಅದನ್ನು ನೋಡುತ್ತಾ ನಿಂತು, ಮೂರಕ್ಕೆ ಅಲ್ವಾ ಎಂದರು. ಹೂಂ ಎಂದಳು. ಸಂಕ್ಷಿಪ್ತವಾಗಿ ಇಟ್ಕೊಳ್ಳಿ ಎಂದು ಹೇಳಿ ಹೋದರು.

ಆಗ ಬಂದದ್ದು ಸಿಟ್ಟು. ಅವಳ ಸಿಟ್ಟು ಯಾವಾಗಲೂ ಹೀಗೇ, ಎದುರಿಗಿದ್ದವರು ಹೋದ ಮೇಲೆ ಬರುತ್ತದೆ. ಮೌಸನ್ನು ಎಡಕ್ಕೆ ತಂದಿಟ್ಟು, ಸರಿ ಹಾಗಾದರೆ ಎಂದುಕೊಂಡಳು, ಕಳ್ಳ ಸಿಗದಿದ್ದರೆ ಕಳ್ಳತನವನ್ನೇ ಇನ್ನೊಮ್ಮೆ ಮಾಡಿ ನೋಡೋಣ. ಜೀವಮಾನವೆಲ್ಲ ತಪ್ಪಿಗೆ ಹೆದರಿ ಬದುಕಿದವಳಿಗೆ ತಪ್ಪುಗಳ ಪರಿಚಯ ಇನ್ನಾರಿಗಿಂತ ಹೆಚ್ಚು; ಯಾವ ತಪ್ಪು ಎಲ್ಲಿ ಅಡಗುತ್ತದೆ, ಹೇಗೆ ಹಲ್ಲು ಕಿರಿಯುತ್ತದೆ ಎಂಬುದು ಅವಳಿಗೆ ನೆಂಟರ ಮನೆಗಳಷ್ಟು ಗೊತ್ತು. ಫೈಲಿನ ಒಂದು ಪ್ರತಿ ಮಾಡಿಕೊಂಡಳು. ಲೆಕ್ಕ ಬೇಗ ಮುಗಿಯಲೆಂದು ಜಾಲರಿಯನ್ನು ಒರಟಾಗಿಸಿದಳು. ಆಮೇಲೆ ಒಂದೊಂದೇ ತಪ್ಪನ್ನು ಬೇಕೆಂದೇ, ಪ್ರೀತಿಯಿಂದ, ಮಾಡತೊಡಗಿದಳು. ಗೋಡೆಯನ್ನು ತಿರುಗಿಸಿದಳು: ಒತ್ತಡ ಏರಿತು. ಬೆಂಚು ಹೇಳಿದ್ದು ಇಳಿತ, ಇದಲ್ಲ. ಗಡಿಯ ಜೋಡಿ ಬಿಡಿಸಿದಳು: ಗಡಿ ಗೋಡೆಯಾಗಿಹೋಗಿ ಗಾಳಿ ಒಳಗೇ ಸುತ್ತಿ ಸುತ್ತಿ ಸತ್ತಿತು. ಇದಲ್ಲ. ಅಕ್ಷವನ್ನು ಕೂದಲೆಳೆಯಷ್ಟು ಪಕ್ಕಕ್ಕೆ ಸರಿಸಿದಳು: ಒಳ ವಲಯ ಕುಂಟುತ್ತಾ ಸುತ್ತಿತು, ಅಂಕಿಗಳು ನಡುಗಿದವು, ಆದರೆ ಅಷ್ಟು ಕೆಳಗೆ ಬೀಳಲಿಲ್ಲ. ಊಟದ ಹೊತ್ತಾಗಿತ್ತು. ಪಕ್ಕದ ಮೇಜುಗಳೆಲ್ಲ ಖಾಲಿಯಾಗಿ, ಕುರ್ಚಿಗಳು ಒಂದೊಂದು ಕಡೆಗೆ ಮುಖಮಾಡಿಕೊಂಡು ಮುನಿಸಿಕೊಂಡ ಮನೆಯವರ ಹಾಗೆ ಕೂತಿದ್ದವು. ಇನ್ನು ಉಳಿದದ್ದು ಒಂದು ತಪ್ಪು, ಮೊದಲ ವರ್ಷದ ವಿದ್ಯಾರ್ಥಿ ಮಾಡುವಂಥದು, ಅದನ್ನು ಪರೀಕ್ಷಿಸಲಿಕ್ಕೇ ನಾಚಿಕೆ. ವೇಗದ ಅಂಕಿಯ ಎಡಗಡೆಗೆ ಒಂದು ಮೈನಸ್ ಗುರುತು ಹಾಕಿದಳು. ಚಕ್ರ ಉಲ್ಟಾ ತಿರುಗಲು ಅಷ್ಟು ಸಾಕು, ಒಂದು ಸಣ್ಣ ಗೀಟು.

ಒತ್ತಡದ ಗೆರೆ ಪರದೆಯ ಮೇಲೆ ಎಡದಿಂದ ಬೆಳೆಯತೊಡಗಿತು. ನಿನ್ನೆಯ ಬೆಂಚಿನ ಅಳತೆಗಳನ್ನು ಅವಳು ಮೊದಲೇ ಚುಕ್ಕಿಗಳಾಗಿ ಇಟ್ಟಿದ್ದಳು. ಗೆರೆ ಮೊದಲ ಚುಕ್ಕಿಯ ಮೇಲೇ ಹಾದುಹೋಯಿತು. ಎರಡನೆಯದರ ಮೇಲೂ ಹಾದುಹೋಯಿತು. ಅವಳು ಕುರ್ಚಿಯ ತುದಿಗೆ ಬಂದಳು. ಗಾಳಿ ಹೊರಬರುತ್ತಿದ್ದದ್ದು ಅದೇ ಬಾಯಿಂದ, ಆಶ್ಚರ್ಯವೇನಿಲ್ಲ. ಇಂಥ ಚಕ್ರ ಯಾವ ಕಡೆ ಸುತ್ತಿದರೂ ಗಾಳಿಯನ್ನು ನಡುವಿನಿಂದ ಅಂಚಿಗೇ ಎಸೆಯುತ್ತದೆ, ಉಲ್ಟಾ ಸುತ್ತಿದರೆ ಮನಸ್ಸಿಲ್ಲದೆ ಎಸೆಯುತ್ತದೆ ಅಷ್ಟೆ. ಗೆರೆ ಕೊನೆಯ ಚುಕ್ಕಿಯ ಮೇಲೆ ಬಂದು ನಿಂತಿತು. ನಿನ್ನೆ ಕಿವಿಗೆ ಕೇಳಿಸಿದ ಆ ಕರ್ಕಶಕ್ಕೂ ಇಲ್ಲಿ ಸಾಕ್ಷಿ ಇತ್ತು, ಒತ್ತಡ ಹಲ್ಲುಹಲ್ಲಾಗಿ ಕುಣಿಯುತ್ತಿತ್ತು. ಅವಳಿಗೆ ಒಂಥರಾ ಹಗುರವಾಯಿತು. ಸಿಕ್ಕಿತು. ಗುರುತೇ ತಪ್ಪಾಗಿತ್ತು, ವರ್ಷವಿಡೀ ತಾನು ಚಕ್ರವನ್ನು ತಿರುಗಬಾರದ ಕಡೆಗೆ ತಿರುಗಿಸಿ ಹಿಗ್ಗಿದ್ದಾಯಿತು. ಇನ್ನು ಹೋಗಿ ಒಪ್ಪಿಕೊಂಡರೆ ಮುಗಿಯಿತು. ಒಪ್ಪಿಕೊಳ್ಳುವ ಮಾತು ನಾಲಿಗೆಯ ಮೇಲೆ ಸಿದ್ಧವಾಗಿಯೇ ಇತ್ತು, ಬಹುಶಃ ಹುಟ್ಟಿದಾಗಿನಿಂದ ಇತ್ತು. ಮೇಜಿನ ಮೇಲಿದ್ದ ಮಾದರಿ ಚಕ್ರವನ್ನು, ಪ್ಲಾಸ್ಟಿಕ್ಕಿನ ಹಗುರವಾದ ಬಿಳಿ ಚಕ್ರವನ್ನು, ಎತ್ತಿಕೊಂಡು ಅವಳು ಸಂಕ್ಷಿಪ್ತರ ಮಹಡಿಗೆ ಹೋಗಲು ಲಿಫ್ಟಿಗೆ ನಡೆದಳು.

ಲಿಫ್ಟಿನಲ್ಲಿ ಒಬ್ಬಳೇ. ಬೆರಳುಗಳು ಅಭ್ಯಾಸಬಲದಿಂದ ಚಕ್ರದ ಮೇಲೆ ಆಡುತ್ತಿದ್ದವು. ಅಕ್ಷ ಗಾಳಿ ಒಳಬರುವ ಬಾಯಿಯ ಕಡೆಗೆ. ಬಲಗೈಯ ಹೆಬ್ಬೆರಳನ್ನು ಅಕ್ಷದ ದಿಕ್ಕಿಗೆ ನೆಟ್ಟಗೆ ನಿಲ್ಲಿಸಿದರೆ ಉಳಿದ ಬೆರಳು ಮಡಚಿಕೊಳ್ಳುವ ಕಡೆ ಪ್ಲಸ್. ರೆಕ್ಕೆ ಆ ತಿರುಗಾಟಕ್ಕೆ ಬೆನ್ನು ಬಾಗಿಸಿ ಮಲಗಿರಬೇಕು. ಮಲಗಿತ್ತು. ಅವಳು ಹುಬ್ಬು ಗಂಟಿಕ್ಕಿದಳು. ಇನ್ನೊಮ್ಮೆ ಹಿಡಿದು ನೋಡಿದಳು. ತಲೆಯೆತ್ತಿದರೆ ಲಿಫ್ಟಿನ ಕನ್ನಡಿಯಲ್ಲಿ ಬೆರಳುಗಳು ಉಲ್ಟಾ ಮಡಚಿಕೊಂಡಿದ್ದವು, ಒಂದು ಕ್ಷಣ ತಲೆ ಧಿಮ್ಮೆಂದು ನೆಲವೇ ಯಾವ ಕಡೆ ಎಂದು ತಿಳಿಯದಾಯಿತು. ಕಣ್ಣು ಮುಚ್ಚಿಕೊಂಡಳು. ಕತ್ತಲಲ್ಲಿ ಬರೀ ಕೈಯಿಂದ ಮುಟ್ಟಿ ನೋಡಿದಳು: ಹೆಬ್ಬೆರಳು, ಬೆರಳು, ರೆಕ್ಕೆಯ ಬಾಗು. ಪ್ಲಸ್ಸೇ ಸರಿ. ಹಾಗಾದರೆ ಮೈನಸ್ಸು ಎಲ್ಲಿಂದ ಬಂತು? ಬಾಗಿಲು ತೆರೆದುಕೊಂಡಿತು. ಕಣ್ಣು ಮುಚ್ಚಿ ಹೆಬ್ಬೆರಳೆತ್ತಿ ನಿಂತಿದ್ದ ಅವಳನ್ನು ಕಂಡ ಖರೀದಿ ವಿಭಾಗದವನೊಬ್ಬ ಗಲಿಬಿಲಿಗೊಂಡು, ತಾನೂ ಹೆಬ್ಬೆರಳೆತ್ತಿ, ಸೂಪರ್ ಮೇಡಂ ಎಂದು ಒಳಗೆ ಬಂದ. ಅವಳಿಗೆ ನಗು ತಡೆಯಲಾಗಲಿಲ್ಲ.

ಅವಳು ಇಳಿಯಲಿಲ್ಲ. ಎದುರಿಗೆ ಸಂಕ್ಷಿಪ್ತರ ಗಾಜಿನ ಬಾಗಿಲು ಕಾಣುತ್ತಿತ್ತು, ಆದರೆ ಅದಕ್ಕಿಂತ ಹತ್ತಿರದಲ್ಲಿ ಒಂದು ಕಪ್ಪು ಹಲಗೆ ಕಾಣುತ್ತಿತ್ತು, ಅದರ ಮೇಲೆ ತಾನು ಬರೆದ ಒಂದು ಸಂಖ್ಯೆ. ಒಂಬತ್ತೋ ಹತ್ತೋ ವಯಸ್ಸು. ಉತ್ತರ ಸರಿ ಇತ್ತು, ಬರೆದ ಕೈ ತಪ್ಪಿತ್ತು. ಟೀಚರಮ್ಮ ಗೆಣ್ಣಿನ ಮೇಲೆ ಸ್ಕೇಲಿನ ಅಂಚಿನಿಂದ ಕೊಟ್ಟಾಗ, ಏಟು ಯಾಕೆ ಎಂದು ಕೇಳದೆ ಅವಳು ತನ್ನ ಲಂಗದ ಅಂಚಿನಿಂದ ಉತ್ತರವನ್ನೇ ಒರೆಸಿಬಿಟ್ಟಿದ್ದಳು. ಹಿಂದಿನ ಬೆಂಚಿನ ಹುಡುಗಿ ಬಂದು ತಪ್ಪು ಉತ್ತರವನ್ನು ಬಲಗೈಯಲ್ಲಿ ಬರೆದಳು, ಎಲ್ಲರೂ ಅದನ್ನೇ ಇಳಿಸಿಕೊಂಡರು, ಅವಳೂ ಇಳಿಸಿಕೊಂಡಳು. ಮನೆಯಲ್ಲಿ ಅಮ್ಮ ಊದಿದ ಗೆಣ್ಣನ್ನು ನೋಡಿ ಟೀಚರಿಗೆ ಬೈಯುತ್ತಾಳೆಂದುಕೊಂಡರೆ, ಒಳ್ಳೆಯದಾಯ್ತು, ಎಡಚಿ ಎಡಚಿ ಅಂತ ಆಡಿಕೊಳ್ಳೋದು ನಿಲ್ಲಲಿ ಎಂದಿದ್ದಳು, ಆಮೇಲೆ ಅದೇ ಗೆಣ್ಣಿಗೆ ಎಣ್ಣೆ ಹಚ್ಚಿ ತುಂಬ ಹೊತ್ತು ತಿಕ್ಕಿದ್ದಳು. ಲಿಫ್ಟಿನ ಬಾಗಿಲು ಮುಚ್ಚಿಕೊಂಡಿತು. ಈ ಸಲ ಒರೆಸುವುದಿಲ್ಲ ಎಂದು ಅವಳು ಅಂದುಕೊಂಡಳು, ಅಂದುಕೊಂಡದ್ದು ಜೋರಾಗಿಯೇ ಬಾಯಿಂದ ಹೊರಬಿತ್ತು. ಖರೀದಿಯವನು ಏನಂದ್ರಿ ಎಂದ. ಕೆಳಗೆ, ಬೆಂಚಿಗೆ ಎಂದಳು.

ಪರೀಕ್ಷೆಯ ಕೋಣೆ ನೆಲಮಾಳಿಗೆಯಲ್ಲಿ. ಬಿಸಿ ತಂತಿಯ ವಾಸನೆ, ಗೋಡೆಗೆ ಸದ್ದು ಹೀರುವ ಸ್ಪಂಜು. ಮಾವ ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅವಳ ಚಕ್ರದ ಪೆಟ್ಟಿಗೆಯನ್ನು ಬೆಂಚಿನಿಂದ ಬಿಚ್ಚಲು ಹೊರಟಿದ್ದರು, ಹೆಣವನ್ನು ಬೇಗ ಎತ್ತಿಬಿಡುವ ಕರುಣೆಯಿಂದ. ಊಟ ಆಯ್ತಾ ತಾಯಿ ಎಂದು ಕೇಳಿದರು. ಅವಳು ಅವರ ಕೈಯನ್ನೇ ನೋಡಿದಳು. ಲೋಟ ತೆಗೆದುಕೊಂಡಿದ್ದ ಕೈ ಅದು. ಇನ್ನು ಎರಡು ವರ್ಷಕ್ಕೆ ನಿವೃತ್ತಿ, ಒಂದು ತಪ್ಪಿಲ್ಲದ ಹೆಸರು. ತನ್ನದೇ ತಪ್ಪು ಎಂದು ಹೇಳಿಬಿಡುವುದು ಎಷ್ಟು ಸುಲಭ, ಇನ್ನೂ ಹೊತ್ತು ಮೀರಿಲ್ಲ, ಕೈಪಿಡಿಯ ಕೋಣೆಯಲ್ಲಿ ಗಿಡಗಳಿವೆ.

“ಮಾವ, ಚಕ್ರ ಯಾವ ಕಡೆ ತಿರುಗ್ತಿದೆ ಅಂತ ಹೇಗೆ ನೋಡ್ಕೊಂಡ್ರಿ?”

ಅವರಿಗೆ ಪ್ರಶ್ನೆ ಸ್ವಲ್ಪ ಚುಚ್ಚಿತು. “ನೀನೇ ಬರೆದಿದ್ದೆಯಲ್ಲ ತಾಯಿ, ಅಕ್ಷ ಗಾಳಿ ಬಾಯಿ ಕಡೆಗೆ, ಬಲಗೈ ನಿಯಮ ಅಂತ. ಮೋಟಾರನ್ನ ನಿಧಾನಕ್ಕೆ ಸುತ್ತಿಸಿ ನೋಡೇ ಕವಚ ಮುಚ್ಚಿದ್ದು. ಹೆಬ್ಬೆರಳು ಹೀಗೆ, ಬೆರಳು ಹೀಗೆ, ಇದು ಪ್ಲಸ್ಸು.”

ಹೀಗೆ ಎಂದು ಅವರು ಎತ್ತಿ ತೋರಿಸಿದ್ದು ಎಡಗೈ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

ಕಾಲೇಜಿನ ಪರೀಕ್ಷೆಯ ಕೊಠಡಿ ಅವಳ ಕಣ್ಣ ಮುಂದೆ ಪೂರ್ತಿಯಾಗಿ ಎದ್ದು ನಿಂತಿತು. ಸಾಲುಸಾಲು ಬಲಗೈಗಳಲ್ಲಿ ಪೆನ್ನು, ಪೆನ್ನು ಕೆಳಗಿಡಲು ಪುರುಸೊತ್ತಿಲ್ಲದ ಆತುರ, ಗಾಳಿಯಲ್ಲಿ ಎದ್ದ ಎಡಗೈಗಳ ಹೆಬ್ಬೆರಳು. ಅರ್ಧ ತರಗತಿಯ ಉತ್ತರ ಆವತ್ತು ಉಲ್ಟಾ ಆಗಿತ್ತು. ಅವಳ ಪೆನ್ನು ಎಡಗೈಯಲ್ಲಿತ್ತು, ಬಲಗೈ ಖಾಲಿ ಇತ್ತು, ಅವಳದು ಸರಿಯಾಗಿತ್ತು. ಆ ಎಡಗೈಯಿಂದ ಅವಳಿಗೆ ಜೀವನದಲ್ಲಿ ಸಿಕ್ಕಿದ ಲಾಭ ಅದೊಂದೇ ಇರಬೇಕು. ಆಗ ಅದನ್ನು ಲಾಭವೆಂದು ಎಣಿಸಿಯೂ ಇರಲಿಲ್ಲ. ಈಗ ಹೊಟ್ಟೆಯ ಆಳದಿಂದ ಖುಷಿ ಏರಿ ಬರತೊಡಗಿತು, ನಾಚಿಕೆಗೆಟ್ಟ, ಕುಣಿಯುವಂಥ ಖುಷಿ, ಎದುರಿಗೆ ಯಾರಿದ್ದಾರೆಂದೂ ನೋಡದ ಖುಷಿ. ನಾನು ಸರಿ. ನಾನು ಸರಿ. ತುಟಿ ಕಚ್ಚಿ ಅದನ್ನು ತಡೆದುಕೊಂಡಳು.

“ಮಾವ, ಆ ಸ್ಕ್ರೂಡ್ರೈವರ್ ಕೆಳಗಿಟ್ಟು ಇನ್ನೊಂದ್ಸಲ ತೋರಿಸಿ.”

ಮಾವ ಅವಳ ಮುಖ ನೋಡಿದರು. ಸ್ಕ್ರೂಡ್ರೈವರನ್ನು ಬಟ್ಟೆಯ ಮೇಲೆ ಇಟ್ಟರು. ಬಲಗೈ ಎತ್ತಿದರು, ಪಕ್ಕದಲ್ಲಿ ಎಡಗೈಯೂ ಇನ್ನೂ ಎದ್ದೇ ಇತ್ತು. ಎರಡು ಹೆಬ್ಬೆರಳು ಮೇಲಕ್ಕೆ, ಬೆರಳುಗಳು ಒಂದಕ್ಕೊಂದು ವಿರುದ್ಧ. ಅವರು ತುಂಬ ಹೊತ್ತು ಎರಡನ್ನೂ ನೋಡುತ್ತಾ ನಿಂತರು, ಯಾರದೋ ಕೈಗಳನ್ನು ನೋಡುವವರ ಹಾಗೆ. ಕಿವಿಯ ತುದಿ ಕೆಂಪಾಯಿತು. ಅಷ್ಟು ವಯಸ್ಸಾದವರ ಕಿವಿ ಕೆಂಪಾಗುವುದನ್ನು ನೋಡುವುದು ಅವಳಿಗೆ ಬೇಡವಾಗಿತ್ತು. ಹಳೆಯ ಚಕ್ರದ ರೆಕ್ಕೆ ನೆಟ್ಟಗೆ ಇತ್ತಲ್ಲ ತಾಯಿ, ಆ ಕಡೆ ತಿರುಗಿದರೂ ಅಷ್ಟೇ, ಈ ಕಡೆ ತಿರುಗಿದರೂ ಅಷ್ಟೇ, ಇಷ್ಟು ವರ್ಷ ಕೇಳೋ ಪ್ರಮೇಯವೇ ಬರಲಿಲ್ಲ ಎಂದರು. ಅದು ಸಮಜಾಯಿಷಿಯಾಗಿರಲಿಲ್ಲ, ತಮಗೇ ಹೇಳಿಕೊಂಡದ್ದು. ಅವಳು ಗಡಿಬಿಡಿಯಿಂದ, ಕವಚದ ಮೇಲೆ ಒಂದು ಬಾಣ ಕೆತ್ತಿಸದೇ ಇದ್ದದ್ದು ನನ್ನ ತಪ್ಪು, ನಿಯಮ ಬರೆದು ಸುಮ್ಮನಾದೆ, ಈಗ ನಾವಿಬ್ಬರೇ ತಂತಿ ಬದಲಾಯಿಸಿ ಮತ್ತೆ ಅಳೆದುಬಿಡೋಣ, ಬೆಂಚಿನಲ್ಲಿ ಏನೋ ಸಡಿಲ ಇತ್ತು ಅಂತ ಹೇಳಿದರಾಯ್ತು ಎಂದಳು. ಬಾಣ ಹಾಕದೇ ಇದ್ದದ್ದು ತಪ್ಪೇ ಎಂದು ಮಾವ ಒಪ್ಪಿಕೊಂಡರು. ಆಮೇಲೆ ತಲೆಯಲ್ಲಾಡಿಸಿದರು.

“ಬೇಡ. ಕರಿ ಎಲ್ಲರನ್ನೂ. ನಿನ್ನೆ ಮಾನ ಎಲ್ಲರೆದುರು ಹೋಯ್ತು ತಾನೆ, ಎಲ್ಲರೆದುರೇ ಬರ್ಲಿ.”

ಅವರೇ ಫೋನು ಮಾಡಿ ಮೇಲಿನವರನ್ನು ಕೆಳಕ್ಕೆ ಕರೆಸಿದರು. ಸಂಕ್ಷಿಪ್ತರು ಬಂದರು, ಕ್ಯಾಂಟೀನಿನ ಸಾಲಿನ ಹಾಸ್ಯಗಾರರು ಬಂದರು, ಖರೀದಿಯವನೂ ಯಾಕೋ ಬಂದ. ಮೂರಕ್ಕೆ ಅಲ್ವಾ ಎಂದು ಸಂಕ್ಷಿಪ್ತರು ಗಡಿಯಾರ ನೋಡಿಕೊಂಡರು. ಮಾವ ಒಂದೇ ಉಸಿರಿಗೆ, ಯಾವ ಅಲಂಕಾರವೂ ಇಲ್ಲದೆ, ನಿನ್ನೆ ನಾನು ಚಕ್ರವನ್ನು ಉಲ್ಟಾ ತಿರುಗಿಸಿದ್ದೆ, ಕಂಡುಹಿಡಿದವಳು ಇವಳು, ಮುಚ್ಚಿದ ಪೆಟ್ಟಿಗೆಯನ್ನು ಮೇಲಿನ ಮಹಡಿಯಲ್ಲಿ ಕೂತೇ ನೋಡಿದಳು ಎಂದು ಹೇಳಿದರು. ಯಾರೂ ನಗಲಿಲ್ಲ. ಗಾಳಿ ಸರಿಯಾಗೇ ಹೊರಗೆ ಬರ್ತಿತ್ತಲ್ಲ ಎಂದರು ಸಂಕ್ಷಿಪ್ತರು. ಉಲ್ಟಾ ಇದ್ದರೂ ಬರುತ್ತದೆ ಸರ್, ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ ಎಂದು ಅವಳು ಹೇಳಿದಳು. ಹಾಗಾದರೆ ಈಗ ಎಷ್ಟು ಬರಬೇಕು ಎಂದು ಅವರು ಕೇಳಿದರು. ಗೋಡೆಯ ಮೇಲೆ ಬಿಳಿ ಹಲಗೆ ಇತ್ತು. ಯಾರೋ ಪೆನ್ನನ್ನು ಅವಳ ಬಲಗೈಯತ್ತ ಚಾಚಿದರು. ಅವಳು ಅದನ್ನು ಎಡಗೈಯಿಂದ ತೆಗೆದುಕೊಂಡಳು. ಹಲಗೆಯ ನಟ್ಟನಡುವೆ, ಹಿಂದಿನವರಿಗೂ ಕಾಣುವಷ್ಟು ದೊಡ್ಡದಾಗಿ, ಬರಬೇಕಾದ ಒತ್ತಡವನ್ನು ಬರೆದಳು. ಸಂಖ್ಯೆ ಮುತ್ತು ಪೋಣಿಸಿದಂತೆ ಬಂತು. ಕಾಲು ಶತಮಾನದಿಂದ ಜನರೆದುರು ಬಲಗೈಯಲ್ಲಿ ಕೋಳಿಕಾಲಿನಂತೆ ಬರೆಯುತ್ತಿದ್ದವಳ ಅಕ್ಷರ ಇಷ್ಟು ಚೆಂದವೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಮಾವ ಮೋಟಾರಿನ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದರು, ಅವಳ ಕಡೆ ತಿರುಗಿ ಬಲಗೈ ಹೆಬ್ಬೆರಳನ್ನು ಒಮ್ಮೆ ಎತ್ತಿ ತೋರಿಸಿ, ಗುಂಡಿ ಒತ್ತಿದರು. ಅಂಕಿ ಏರತೊಡಗಿತು. ನಿನ್ನೆ ಸುಸ್ತಾಗಿ ನಿಂತ ಜಾಗವನ್ನು ನಿಲ್ಲದೆ ದಾಟಿತು. ಅವಳಿಗೆ ಪರದೆಯ ಒಳಗಿನ ಜಾಲರಿ ಕಣ್ಣಿಗೆ ಕಟ್ಟಿತು, ಒಳ ವಲಯ ಹೊರ ವಲಯದೊಳಗೆ ಜಾರುತ್ತಿತ್ತು, ಪ್ರತಿ ಕಣ್ಣೂ ತನ್ನ ಹೊಸ ನೆರೆಯವಳಿಗೆ ಗಾಳಿ ದಾಟಿಸುತ್ತಿತ್ತು, ಯಾವುದೂ ಯಾವುದನ್ನೂ ತಡೆಯುತ್ತಿರಲಿಲ್ಲ. ಅಂಕಿ ಹಲಗೆಯ ಮೇಲಿನ ಸಂಖ್ಯೆಯ ಹತ್ತಿರ ಬಂದು ನಿಧಾನಿಸಿತು, ಅದನ್ನು ಕೂದಲೆಳೆಯಷ್ಟು ಮೀರಿ ಅಲ್ಲಿಯೇ ನೆಲೆನಿಂತಿತು. ಸಂಕ್ಷಿಪ್ತರು ಹಲಗೆ ನೋಡಿದರು, ಅಂಕಿ ನೋಡಿದರು, ಸಂಕ್ಷಿಪ್ತವಾಗಿ ಹೇಳೋದಾದ್ರೆ ಎಂದು ಶುರುಮಾಡಿದರು. ಮುಂದೆ ಏನೂ ಬರಲಿಲ್ಲ. ತಿರುಗೋ ಗೋಡೆಯ ಹಾಸ್ಯಗಾರನೊಬ್ಬ ಚಪ್ಪಾಳೆ ತಟ್ಟಿದ, ಉಳಿದವರೂ ತಟ್ಟಿದರು. ಅವಳು ತಲೆ ತಗ್ಗಿಸಲಿಲ್ಲ. ಚಪ್ಪಾಳೆ ತನಗೇ ಬರಬೇಕಾದದ್ದು, ಇನ್ನೂ ಸ್ವಲ್ಪ ಬಂದರೂ ತಪ್ಪಿಲ್ಲ ಎಂದು ನಿಂತೇ ಕೇಳಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಮಾವ ಇನ್ನೂ ಸ್ವಲ್ಪ ಹೊತ್ತು ಓಡಲಿ ಎಂದು ಯಂತ್ರ ನಿಲ್ಲಿಸದೆ ಚಹಾ ತರಲು ಹೋದರು. ಅವಳು ಮನೆಗೆ ಫೋನು ಮಾಡಿದಳು. ಅಮ್ಮ ಎತ್ತಿದಳು, ಹಿಂದೆ ಸೊಳ್ಳೆ ಸಂಸಾರ ಕುಂಯ್‌ಗುಟ್ಟುತ್ತಿತ್ತು. ಬೆಳಿಗ್ಗೆ ಸುಳ್ಳು ಹೇಳಿದೆ ಅಮ್ಮ ಎಂದಳು. ಗೊತ್ತಿತ್ತು ಎಂದಳು ಅಮ್ಮ, ನೀನು ಸಕ್ಕರೆ ಹಾಕದೇ ಲೋಟ ಕದಡುತ್ತಿದ್ದೆ. ನಿನ್ನ ಯಂತ್ರವನ್ನು ಒಂದು ನಿಮಿಷ ನಿಲ್ಲಿಸು, ಹೊಸ ಚಕ್ರ ಕೇಳಿಸುತ್ತೇನೆ ಎಂದಳು ಇವಳು. ಆಚೆ ಕಡೆ ಅಳು ನಿಂತಿತು. ಅವಳು ಎಡಗೈಯಲ್ಲಿ ಫೋನನ್ನು ಹಿಡಿದು, ತೋಳು ಚಾಚಿ, ತಿರುಗುತ್ತಿದ್ದ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಳು. ಸ್ಪಂಜಿನ ಗೋಡೆಗಳ ನಡುವೆ ತನ್ನ ಉಸಿರು ತನಗೇ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅಮ್ಮನ ದನಿ ಬಂತು.

“ಏನೂ ಕೇಳಿಸ್ತಿಲ್ಲ ಕಣೆ. ಮೊದ್ಲು ಅದನ್ನ ಆನ್ ಮಾಡು.”

“ಮಾಡಿದೀನಮ್ಮ,” ಎಂದಳು ಅವಳು. “ಆಗಿನಿಂದ ತಿರುಗ್ತಾನೇ ಇದೆ.”